ಕತಿ ಬರಿಯೋದು ಬ್ಯಾಡ ಅನ್ನೋ ಬೀಗರಿಗೆ ನಾವೇನ್ ಹೇಳಬೇಕು?

ನಮ್ಮ ಬಳ್ಳಾರಿ ಕಡೆ ಹೆಣ್ಣುಮಕ್ಕಳ ಕೆಲಸಕ್ಕ ಒಂದು ಗುರುತೈತಿ. ಕೈ ಆಡ್ತಿರಬೇಕು. ರೊಟ್ಟಿ ಬಡದ್ರ ಕೆಲಸ. ಮೆಣಸಿನಕಾಯಿ ತೊಟ್ಟು ಮುರದ್ರ ಕೆಲಸ. ಕೌಲ್ ಬಜಾರದಾಗ ಮನಿ ಕಟ್ಟಿ ಮ್ಯಾಲೆ ಜೀನ್ಸ್ ಪ್ಯಾಂಟಿನ ರಾಶಿ ಮುಂದ ಹಾಕ್ಕೊಂಡು ದಾರ ಕತ್ತರಿಸಿಕೋಂತ ಕುಂತ್ರ ಅದೂ ಕೆಲಸ, ಇಷ್ಟು ಪ್ಯಾಂಟಿಗೆ ಇಷ್ಟು ಅಂತ ಎಣಿಸಿ ರೊಕ್ಕ ಕೊಡ್ತಾರ. ಆದ್ರ ಒಬ್ಬಾಕಿ ಪೆನ್ನು ಹಿಡಕೊಂಡು, ಮುಂದ ನೋಟ್‌ಬುಕ್ ತಗದಿಟ್ಟು, ಗ್ವಾಡಿ ನೋಡಿಕೋಂತ ಕುಂತ್ಳು ಅಂದ್ರ? "ಖಾಲಿ ಕುಂತಿಯಲ್ಲವಾ, ಈ ಬೆಳ್ಳುಳ್ಳಿ ಅಷ್ಟು ಸುಲಿ" ಅಂತ ತಾಟು ತಂದು ಮುಂದ ಇಡ್ತಾರ.

ಗ್ವಾಡಿ ನೋಡೋದೂ ಆ ಕೆಲಸದ ಒಂದು ಭಾಗ. ದ್ವಾಸಿ ಹಿಟ್ಟು ರುಬ್ಬಿಟ್ಟ ಮ್ಯಾಲೆ ರಾತ್ರಿಯೆಲ್ಲಾ ಸುಮ್ಮನ ಇರ್ತೈತಲ್ಲ, ಅದನ್ನ ಯಾರಾದ್ರೂ ಖಾಲಿ ಕುಂತೈತಿ ಅಂತೀರೇನು?

ಈ ಮಾತು ಈಗ ಯಾಕ ತಗದೆ ಅಂತ ನಿಮ್ಮೊಳಗ ಅರ್ಧ ಮಂದಿಗೆ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳ್ತೀನಿ. ಕುರುಗೋಡಿನ ನಮ್ಮ ಅಣ್ಣನ ಮಗಳಿಗೆ ಸಿರುಗುಪ್ಪದ ಕಡಿಂದ ಒಂದು ಸಂಬಂಧ ಬಂದೈತಿ. ಚಲೋ ಮಂದಿ. ಹುಡುಗನ ಮನಿಯವರು ನೆಲ್ಲು ಬೆಳೆಯೋರು, ಹುಡುಗ ಓದ್ಯಾನ, ಸಣ್ಣ ದನಿಲೇ ಮಾತಾಡ್ತಾನ. ಬಂಗಾರ ಇಷ್ಟು, ರೊಕ್ಕ ಇಷ್ಟು ಅಂತ ಬಾಯಿ ಬಿಟ್ಟಿಲ್ಲ. ಹುಡುಗಿ ಸಾಲಿ ಟೀಚರ್ ಕೆಲಸ ಬಿಡೋದು ಬ್ಯಾಡ, ಮದುವಿ ಆದ್ಮ್ಯಾಲೆ ಸಿರುಗುಪ್ಪದಾಗ ನೋಡ್ಕೊಳ್ಳಲಿ ಅಂತ ತಾವಾಗೇ ಹೇಳ್ಯಾರ. ಒಂದೇ ಒಂದು ಮಾತು ಸೇರಿಸ್ಯಾರ: "ಈ ಕತಿ ಗಿತಿ ಬರಿಯೋದು ಮಾತ್ರ ನಮ್ಮ ಮನ್ಯಾಗ ಬ್ಯಾಡ್ರಿ. ಮಂದಿ ಏನೇನೋ ತಿಳಕೊಂತಾರ." ನಮ್ಮ ಅತ್ತಿಗಿ "ಅಷ್ಟೇ ಅಲ್ಲೇನು, ಹ್ಞೂಂ ಅಂದುಬಿಡೋಣ" ಅಂತಾಳ. ಹುಡುಗಿನ ಕೇಳೇ ನಾನು ಇದನ್ನ ಬರ್ಯಾಕತ್ತೀನಿ, ಹೆಸರು ಮಾತ್ರ ಹಾಕಂಗಿಲ್ಲ.

ಸೋದರತ್ತಿಯಾಗಿ ನನ್ನ ಅಭಿಪ್ರಾಯ ಇಷ್ಟು: ಸಂಬಂಧ ಬಿಡೋದು ಬ್ಯಾಡ, ಆ ಮಾತಿಗೆ ಹ್ಞೂಂ ಅನ್ನೋದೂ ಬ್ಯಾಡ.

ಮೊದ್ಲು ಆಕಿ ಏನು ಮಾಡ್ತಾಳ ಅಂತ ನೋಡ್ರಿ. ದೀಪಾವಳಿ ಆದ್ಮ್ಯಾಲೆ ಎಂಟು ದಿನ ನಾನು ಅಣ್ಣನ ಮನ್ಯಾಗ ಇದ್ದೆ, ಆಕಿ ಮಲಗೋ ಖೋಲಿಯಾಗೇ ಮಲಗಿದ್ದೆ. ಬೆಳಗಿನ ನಾಕೂವರಿಗೆ ಏಳ್ತಾಳ. ನಳ ಬರೋ ದಿನ ಇದ್ರ ಅದಕ್ಕಿಂತ ಮೊದಲೇ, ಕೊಡ ತುಂಬಿಟ್ಟು ಕುಂದರ್ತಾಳ. ಆರೂವರಿಗೆ ಮನಿ ಎದ್ದೇಳೋ ತನಕ ಎರಡು ತಾಸು, ಅಷ್ಟೇ ಆಕಿ ಪಾಲಿಗೆ. ಆ ಎರಡು ತಾಸಿನಾಗ ಒಂದಿನ ಎರಡು ಪುಟ ಆದ್ರ ಇನ್ನೊಂದಿನ ನಾಕು ಸಾಲು. ಮರುದಿನ ಆ ನಾಕು ಸಾಲೂ ಹೊಡದು ಹಾಕಿರ್ತಾಳ. ಒಂದು ಕತಿನ ನಾಕು ಸಲ ಬರೀತಾಳ. ಕೊನಿಗೆ ಬಾಯಾಗ ಓದಿಕೊಂಡು, ಎಲ್ಲಿ ನಾಲಿಗಿ ತಡೀತೈತೋ ಅಲ್ಲಿ ಗೆರಿ ಎಳೀತಾಳ. ಆಮ್ಯಾಲೆ ಮೊಬೈಲಿನಾಗ ಟೈಪ್ ಮಾಡಿ, ಇಷ್ಟೇ ಪದ ಇರಬೇಕು ಅಂದವರಿಗೆ ಅಷ್ಟೇ ಪದಕ್ಕ ಇಳಿಸಿ ಕಳಿಸ್ತಾಳ. ಮುಂದ ಕಾಯೋದು. ಮೂರು ತಿಂಗಳು, ಆರು ತಿಂಗಳು. ಕೆಲವರು ಬ್ಯಾಡ ಅಂತಾರ, ಕೆಲವರು ಬ್ಯಾಡ ಅಂತ ಹೇಳೋದಕ್ಕೂ ಬರಿಯಂಗಿಲ್ಲ. ಒಂದೇ ಕತಿನ ಒಂದೇ ಸಲಕ್ಕ ಎರಡು ಕಡೆ ಕಳಿಸೋ ಹಂಗಿಲ್ಲ, ಅದೊಂದು ಮರ್ಯಾದಿ. ಅದಕ್ಕೇ ಒಂದು ಕತಿ ಅಂದ್ರ ಆಕಿಗೆ ಹೆಚ್ಚು ಕಡಿಮಿ ಒಂದು ವರ್ಷದ ಬೆಳಿ.

ಇಷ್ಟೆಲ್ಲಾ ಮಾಡಿ ಎಂಟಕ್ಕ ಬುತ್ತಿ ಕಟ್ಟಿಕೊಂಡು ಸಾಲಿಗೆ ಹೋಗ್ತಾಳ.

"ಕತಿ ಬರಿಯೋದು ಗಂಡಸರಿಗೆ ಸರಿ, ಅವರಿಗೆ ಟೈಮ್ ಇರ್ತೈತಿ" ಅಂದ್ರು ಒಬ್ಬ ಅಕ್ಕಾರು. ನಮ್ಮ ಭಾಗದ ಗಂಡಸರೇನು ಬರೀ ಕತಿ ಬರದು ಜೀವನ ಮಾಡಿದ್ರೇನು? ಹರಪನಹಳ್ಳಿಯಾಗ 1913ರಾಗ ಹುಟ್ಟಿದ ಬೀchi ಅವರು ಪೊಲೀಸ್ ಇಲಾಖಿಯಾಗ ನೌಕರಿ ಮಾಡಿಕೋಂತ ಮಂದಿನ ನಗಿಸಿದ್ರು. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿ ಸಾಲಿಗಳಾಗ ಮೇಷ್ಟ್ರಾಗಿ ದುಡಿದ್ರು, ಅವರ ‘ಅರಮನೆ’ಗೆ 2007ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಡೂರಿನ ವಸುಧೇಂದ್ರ ವರ್ಷಗಟ್ಟಲೆ ಸಾಫ್ಟ್‌ವೇರ್ ಕಂಪನಿಯಾಗ ದುಡಿದು, ಜೋಡಿಗೇ ಬರದು, ಆಮ್ಯಾಲೆ ನೌಕರಿ ಬಿಟ್ಟವರು. ತಾವೇ ಛಂದ ಪುಸ್ತಕ ಅಂತ ಪ್ರಕಾಶನ ಮಾಡಿ ಹೊಸಬರ ಕತಿ ಪುಸ್ತಕ ತರ್ತಾರ. ಇವರೆಲ್ಲರಿಗೂ ಒಂದು ಸಂಬಳ ಇತ್ತು, ಕತಿ ಅದರ ಪಕ್ಕದ ಹೊಲ. ಬರದೇ ಹೊಟ್ಟಿ ತುಂಬಿಸಿಕೊಂಡೇನಿ ಅಂತ ನಿಂತ ಅ.ನ.ಕೃ. ಅವರು ನೂರಕ್ಕ ಮಿಕ್ಕಿ ಕಾದಂಬರಿ ಬರೀಬೇಕಾತು. ಅಷ್ಟು ಬರದು ಯಾರ ಮನಿ ನಡೀತೈತಿ? ಹಂಗಿದ್ದಾಗ ನಮ್ಮ ಹುಡುಗಿ ಸಾಲಿ ನೌಕರಿ ಇಟ್ಟುಕೊಂಡು ಬೆಳಗಿನಾಗ ಬರೀತೀನಿ ಅಂದ್ರ ಅದೇನು ಹೊಸಾ ಹುಚ್ಚಲ್ಲ. ಕನ್ನಡದಾಗ ಕತಿ ಬರಿಯೋರು ಹಿಂಗೇ ಬದುಕ್ಯಾರ.

ಗಂಡಸರ ಮಾತು ಸಾಕು. ನಿಮಗೆಲ್ಲ ‘ಶರಪಂಜರ’ ಸಿನಿಮಾ ಗೊತ್ತು, ಕಲ್ಪನಾ ಅಳೋದನ್ನ ನೋಡಿ ನಾವೂ ಅತ್ತವರೇ. 1971ರಾಗ ಬಂತು. ಆ ಕತಿ ಬರದ ತ್ರಿವೇಣಿ ಅವರು ಆ ಸಿನಿಮಾ ನೋಡಲೇ ಇಲ್ಲ. 1963ರಾಗ, ಇನ್ನಾ 35 ತುಂಬೋಕ ಮೊದ್ಲು, ಬಾಣಂತಿಯಾಗಿದ್ದಾಗ ತೀರಿಕೊಂಡ್ರು. ಮೊದಲ ಕಾದಂಬರಿ ಬಂದಿದ್ದು 1953ರಾಗ. ನಡುವಿನ ಹತ್ತು ವರ್ಷದಾಗ ಸುಮಾರು 20 ಕಾದಂಬರಿ! ಆಗ ಯಾರಾದ್ರೂ ಆಕಿಗೆ "ಮದುವಿ ಆಗೈತಿ, ಇನ್ನ ಬಿಡು" ಅಂದು, ಆಕಿ ಹ್ಞೂಂ ಅಂದಿದ್ರ, ತಲಿ ಕೆಟ್ಟಾಕಿ ಅಂತ ಮನಿಯವರೇ ದೂರ ಇಟ್ಟ ಹೆಣ್ಣುಮಗಳ ಸಂಕಟ ಏನು ಅನ್ನೋದು ನಮ್ಮ ಅವ್ವಂದಿರಿಗೆ ಯಾರು ಹೇಳ್ತಿದ್ರು? ಆ ಸಿನಿಮಾ ಬಂದ ಮ್ಯಾಲೆ ಕುರುಗೋಡಿನ ನಮ್ಮ ಓಣಿಯಾಗ ಒಬ್ಬಾಕಿನ ‘ಹುಚ್ಚಿ’ ಅಂತ ಕರಿಯೋದು ಕಮ್ಮಿ ಆತು ಅಂತ ನಮ್ಮವ್ವ ಹೇಳ್ತಿದ್ಳು. ಒಂದು ಕತಿ ಮಾಡೋ ಕೆಲಸ ಅದು.

ಇನ್ನೊಬ್ಬರು ತೀರ್ಥಹಳ್ಳಿಯ ಎಂ.ಕೆ. ಇಂದಿರಾ. ಓದಿದ್ದು ಏಳು ವರ್ಷ, ಮದುವಿ ಹನ್ನೆರಡಕ್ಕ. ಕಾದಂಬರಿ ಬರ್ಯಾಕ ಹತ್ತಿದ್ದು 45ರ ಮ್ಯಾಲೆ. 1963ರಾಗ ‘ತುಂಗಭದ್ರ’, 1976ರಾಗ ‘ಫಣಿಯಮ್ಮ’. ಇದನ್ನ ಹೇಳಿದ ಕೂಡಲೇ ನಮ್ಮ ಅತ್ತಿಗಿ "ಹಂಗಾದ್ರ ಇವಳೂ ಮಕ್ಕಳು ಮರಿ ದೊಡ್ಡವಾದ ಮ್ಯಾಲೆ ಬರೀಲಿ ಬಿಡು" ಅಂದ್ಳು. ತಾಳ್ರಿ. 45ರ ತನಕ ಕಾದ್ರ ಇಂದಿರಾ ಆಗ್ತಾರ ಅಂತ ಅಲ್ಲ. ಹಂಗ ಕಾದು, ಕಾದು, ಒಂದು ಸಾಲೂ ಬರೀಲಾರದೇ ಹೋದವರು ನಮ್ಮ ಮನಿತನದಾಗೇ ಎಷ್ಟು ಮಂದಿ ಇದ್ದಾರೋ. ಅವರ ಲೆಕ್ಕ ಯಾವ ಪುಸ್ತಕದಾಗೂ ಇಲ್ಲ.

ನಮಗ ಹತ್ತಿರದ ಊರು ಬೇಕು ಅಂದ್ರ ಕಲಬುರಗಿಯ ಗೀತಾ ನಾಗಭೂಷಣ. ಮಿಲ್ಲಿನ ಕೂಲಿಕಾರನ ಮಗಳು. ನೌಕರಿ ಮಾಡಿಕೋಂತ ಓದಿ, ಟೀಚರ್ ಆಗಿ, ನಮ್ಮಂಗೇ ಮಾತಾಡೋ ಹೆಂಗಸರನ್ನ ಕಾದಂಬರಿಯಾಗ ತಂದ್ರು. ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಕನ್ನಡದಾಗ ಅದನ್ನ ತಗೊಂಡ ಮೊದಲ ಹೆಣ್ಣುಮಗಳು ಅವರೇ.

ಈಗ ರೊಕ್ಕದ ಮಾತು. ಹೋದ ವರ್ಷ, 2025ರ ಮೇ ತಿಂಗಳಾಗ, ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಮನಿ ಗ್ರೂಪಿನಾಗ ಎಲ್ಲಾರೂ ಹೂವಿನ ಚಿತ್ರ ಹಾಕಿದ್ರಿ. 50,000 ಪೌಂಡು, ಅದನ್ನ ಬರದವರಿಗೂ ಇಂಗ್ಲಿಷಿಗೆ ತಂದ ಮಡಿಕೇರಿಯ ದೀಪಾ ಭಾಸ್ತಿ ಅವರಿಗೂ ಅರ್ಧ ಅರ್ಧ ಹಂಚ್ತಾರ. "ನಮ್ಮ ಹುಡುಗೀನೂ ಹಂಗ ಬರೀಲಿ" ಅಂತ ಒಬ್ಬರು ಹಾಕಿದ್ರಿ. ನಾನು ಅದನ್ನ ಇಷ್ಟಪಡಂಗಿಲ್ಲ. ಲಾಟರಿ ಹತ್ತಿದ್ರ ಬರೀಲಿ, ಇಲ್ಲಂದ್ರ ಬೆಳ್ಳುಳ್ಳಿ ಸುಲೀಲಿ ಅನ್ನೋ ಮಾತು ಅದು. ಆ ಪುಸ್ತಕದಾಗಿನ 12 ಕತಿ 1990ರಿಂದ 2023ರ ತನಕ ಬರದವು. ಅಷ್ಟೂ ವರ್ಷ ಆಕಿ ವಕೀಲಿ ಮಾಡಿಕೋಂತ, ಮನಿ ನೋಡಿಕೋಂತ ಬರದಾರ. ಬೂಕರ್ ಬರ್ತೈತಿ ಅಂತ ಬರದ್ರೇನು?

ಸಾಮಾನ್ಯ ಲೆಕ್ಕ ಬ್ಯಾರೆ ಐತಿ. 200 ರೂಪಾಯಿ ಬೆಲಿಯ ಒಂದು ಕತಿ ಪುಸ್ತಕ ಅಂತ ಇಟ್ಟುಕೊಳ್ರಿ. ಬರದವರಿಗೆ ನೂರಕ್ಕ ಹತ್ತು ಕೊಡೋದು ವಾಡಿಕಿ. ಒಂದು ಪುಸ್ತಕಕ್ಕ 20 ರೂಪಾಯಿ ಆತು. 500 ಪ್ರತಿ ಅಚ್ಚು ಮಾಡಿದ್ರ, ಅಷ್ಟೂ ಖರ್ಚಾದ್ರ, 10,000 ರೂಪಾಯಿ. ಹತ್ತು ಹನ್ನೆರಡು ಕತಿ, ಅಂದ್ರ ಕಮ್ಮಿ ಅಂದ್ರೂ ಐದಾರು ವರ್ಷದ ಬೆಳಗಿನ ನಿದ್ದಿ, ಅದಕ್ಕ ಸಿಗೋದು ಇದು. ಕೆಲವು ಕಡೆ ರೊಕ್ಕದ ಬದಲಿಗೆ ಪುಸ್ತಕಾನೇ ಕಟ್ಟಿ ಕೊಡ್ತಾರ. ಅದರ ಮ್ಯಾಲೆ ನಾವು ಬಂಧು ಬಳಗ ನಲವತ್ತು ಮಂದಿ "ನಮಗೊಂದು ಕೊಡಲ್ಲೇನವ್ವಾ?" ಅಂತ ನಿಲ್ತೀವಿ. ಜೀನ್ಸ್ ಅಂಗಡಿಗೆ ಹೋಗಿ ಒಂದು ಪ್ಯಾಂಟು ಗೌರವ ಪ್ರತಿ ಕೊಡ್ರಿ ಅಂತ ಕೇಳಿದವರು ಯಾರಾದ್ರೂ ಇದ್ದಾರೇನು ನಮ್ಮೊಳಗ? ಮಿರ್ಚಿ ಒಗ್ಗರಣಿ ತಿಂದು ಎದ್ದು ಬರೋವಾಗ ರೊಕ್ಕ ಕೊಡೋ ಕೈ, ಪುಸ್ತಕದ ಮುಂದ ಯಾಕ ಮಡಚಿಕೊಂತೈತೋ.

ರೊಕ್ಕ ಕಮ್ಮಿ ಅಂದ ಕೂಡಲೇ "ಹಂಗಾದ್ರ ಬಿಟ್ಟರೇನು ಹೋತು?" ಅಂತ ಕೇಳ್ತೀರಿ. ಅದಕ್ಕೂ ಉತ್ತರ ಐತಿ, ಹೊಲ ಮನಿ ಇದ್ದವರಿಗೆ ಲಗೂನ ತಿಳಿಯೋ ಉತ್ತರ. ಕತಿ ಅನ್ನೋದು ಆಸ್ತಿ. ಪಹಣಿ ಇಲ್ಲ, ಬದು ಇಲ್ಲ, ಆದ್ರೂ ಆಸ್ತಿ. 1957ರ ಕೃತಿಸ್ವಾಮ್ಯ ಕಾಯ್ದಿ ಪ್ರಕಾರ ಬರದವರು ಇರೋ ತನಕ ಅವರದು, ಅವರು ತೀರಿಕೊಂಡ ಮ್ಯಾಲೂ 60 ವರ್ಷ ಅವರ ವಾರಸುದಾರರದು. ಸರಕಾರಿ ಕಚೇರಿಗೆ ಹೋಗಿ ನೋಂದಣಿ ಮಾಡಿಸಲೇಬೇಕು ಅಂತಾನೂ ಇಲ್ಲ, ಬರದ ಗಳಿಗಿಯಿಂದ ಹಕ್ಕು ಹುಟ್ಟತೈತಿ. ತ್ರಿವೇಣಿ ಅವರು 1963ರಾಗ ಹೋದ್ರು, ಅವರ ಪುಸ್ತಕದ ಹಕ್ಕು 2023ರ ಕೊನಿ ತನಕ ಇತ್ತು. ಇಂದಿರಾ ಅವರು 1994ರಾಗ ಹೋದ್ರು, ಅವರದು 2054ರ ತನಕ ಐತಿ. ಮೊಮ್ಮಕ್ಕಳ ಕಾಲಕ್ಕೂ ಉಳಿಯೋ ಆಸ್ತಿನ, ನಾಕು ಮಂದಿ ಚಾ ಕುಡಿಯೋ ಹೊತ್ತಿನಾಗ "ಬ್ಯಾಡ" ಅಂದು ಬಿಡಿಸ್ತೀರೇನು? ಅದೇ ಹುಡುಗಿ ಹೆಸರಿಗೆ ಒಂದೆಕರೆ ನೀರಾವರಿ ಇದ್ದು, "ಮದುವಿ ಆದ್ಮ್ಯಾಲೆ ಅದನ್ನ ಬೀಳು ಬಿಡ್ರಿ" ಅಂತ ಬೀಗರು ಅಂದಿದ್ರ ನಮ್ಮ ಅಣ್ಣ ಅಲ್ಲೇ ಎದ್ದು ಬರ್ತಿದ್ದ.

ಹುಡುಗಿಗೂ ಈ ಕಡಿಂದ ಒಂದು ಮಾತು ಹೇಳೀನಿ. ಯಾರಾದ್ರೂ ನಿನ್ನ ಕತಿ ಸಿನಿಮಾಕ್ಕ ತಗೊಂತೀವಿ, ಯೂಟ್ಯೂಬಿನಾಗ ಓದ್ತೀವಿ ಅಂತ ಬಂದ್ರ ಬಾಯಿಮಾತಿಲೇ ಹ್ಞೂಂ ಅನ್ನಬ್ಯಾಡ. ಹಕ್ಕು ಬರಕೊಡೋದು ಕಾಗದದ ಮ್ಯಾಲೆ, ಸಹಿ ಹಾಕಿ ಆಗಬೇಕು. ಎಷ್ಟು ವರ್ಷಕ್ಕ ಅಂತ ಅದರಾಗ ಬರದಿರಬೇಕು. ಬರದಿಲ್ಲಂದ್ರ ಕಾಯ್ದಿ ಅದನ್ನ ಐದು ವರ್ಷ ಅಂತ ಹಿಡೀತೈತಿ. ಹೊಲ ಗುತ್ತಗಿಗೆ ಕೊಡೋದು ಬ್ಯಾರೆ, ಖರೀದಿ ಕೊಡೋದು ಬ್ಯಾರೆ ಅನ್ನೋದು ನಮ್ಮ ಮನ್ಯಾಗ ಸಣ್ಣ ಹುಡುಗರಿಗೂ ಗೊತ್ತೈತಿ, ಕತಿಗೂ ಅದೇ ನ್ಯಾಯ.

ಇಷ್ಟೆಲ್ಲ ಹೇಳಿದ್ರೂ, ಸಿರುಗುಪ್ಪದವರ ಮನಸಿನಾಗ ಇರೋದು ರೊಕ್ಕ ಅಲ್ಲ, ಟೈಮೂ ಅಲ್ಲ ಅಂತ ನನಗ ಅನಿಸ್ತೈತಿ. ಅವರಿಗೆ ಅಂಜಿಕಿ. ನಮ್ಮ ಮನಿ ಸುದ್ದಿ ಬರದು ಹಾಕಿದ್ರ? ಅತ್ತಿ ಹಿಂಗ, ನಾದಿನಿ ಹಂಗ ಅಂತ ಪೇಪರಿನಾಗ ಬಂದ್ರ? ನಗೋದು ಬ್ಯಾಡ, ಅದು ಖರೇನ ಅಂಜಿಕಿ. ನಿಮ್ಮೊಳಗೂ ಕೆಲವರಿಗೆ ಐತಿ, ಆಕಿ ಬಂದು ಪಕ್ಕದಾಗ ಕುಂತ್ರ ಮಾತು ಬದಲಿ ಮಾಡ್ತೀರಿ.

ಕುಂದಾಪುರದ ಕಡೆಯ ವೈದೇಹಿ ಅವರ ವಿಷಯ ಕೇಳ್ರಿ. ಅವರ ಖರೇ ಹೆಸರು ಜಾನಕಿ. ಸಣ್ಣ ವಯಸ್ಸಿನಾಗ ‘ಸುಧಾ’ ವಾರಪತ್ರಿಕಿಗೆ ಒಂದು ಬರಹ ಕಳಿಸಿದ್ರು. ಕಳಿಸಿದ ಮ್ಯಾಲೆ, ಅಯ್ಯೋ ಇದು ನಿಜವಾಗಿ ನಡದಿದ್ದು, ಹಾಕಬ್ಯಾಡ್ರಿ ಅಂತ ಕೇಳಿಕೊಂಡ್ರು. ಸಂಪಾದಕರು ಬರಹ ಬಿಡಲಿಲ್ಲ, ಬರದವರ ಹೆಸರು ‘ವೈದೇಹಿ’ ಅಂತ ಬದಲಿಸಿ ಹಾಕಿದ್ರು. ಆ ಹೆಸರೇ ಉಳೀತು, ಮುಂದ ದೊಡ್ಡ ಹೆಸರಾತು. ಅಂದ್ರ ಈ ಅಂಜಿಕಿ ಬರಿಯಾಕಿಗೂ ಇರ್ತೈತಿ, ನಮಗಷ್ಟೇ ಅಲ್ಲ.

ನಮ್ಮ ಹುಡುಗಿದು ಒಂದು ಕತಿ ಐತಿ, ಅದರಾಗ ಒಬ್ಬಾಕಿ ಸೋದರತ್ತಿ ಬರ್ತಾಳ. ಊರಿಂದ ಬಂದಾಕಿ ಚೀಲ ಕೆಳಗ ಇಡೋಕ ಮೊದ್ಲು ಅಡಿಗಿಮನಿ ಡಬ್ಬಿ ಒಂದೊಂದೇ ತಗದು ನೋಡ್ತಾಳ. ಓದಿದವರೆಲ್ಲ ನನ್ನ ಕಡೆ ನೋಡಿ ನಕ್ಕರು. ನಾನು ಡಬ್ಬಿ ತಗದು ನೋಡೋದು ಖರೇ, ಅದೇನು ಗುಟ್ಟಲ್ಲ. ಆದ್ರ ಕತಿಯಾಗಿನ ಅತ್ತಿ ಗಂಡ ಸತ್ತಾಕಿ. ಅಣ್ಣನ ಮನ್ಯಾಗ ಉಳಿಯೋಕ ಬಂದಾಕಿ. ಆಕಿ ಡಬ್ಬಿ ನೋಡೋದು ಈ ಮನ್ಯಾಗ ಎಷ್ಟು ದಿನ ಉಣ್ಣಬಹುದು ಅಂತ. ನನ್ನ ಗಂಡ ದೇವರ ದಯದಿಂದ ಆರಾಮ ಅದಾರ, ಈಗ ಹೊರಗ ಕುಂತು ಪೇಪರ್ ಓದಾಕತ್ತಾರ. ನನ್ನ ಚಾಳಿ ತಗೊಂಡಾಳ, ಅದರ ಒಳಗ ಇನ್ಯಾರದೋ ಹಸಿವು ಇಟ್ಟಾಳ. ಆ ಕತಿ ಓದಿದ ರಾತ್ರಿ ನನಗ ನಿದ್ದಿ ಬರಲಿಲ್ಲ. ತೀರಿಕೊಂಡ ನಮ್ಮ ದೊಡ್ಡತ್ತಿ ನೆನಪಾದ್ಳು. ಆಕಿನೂ ಹಂಗೇ ಡಬ್ಬಿ ಮುಟ್ಟಿ ಮುಟ್ಟಿ ನೋಡ್ತಿದ್ಳು, ಹುಡುಗರು ನಾವೆಲ್ಲ "ಕಳ್ಳ ಬೆಕ್ಕು" ಅಂತ ನಗ್ತಿದ್ವಿ. ನಮ್ಮ ಹುಡುಗಿ ಹುಟ್ಟೋಕ ಮೊದಲೇ ಆಕಿ ಹೋದಾಕಿ. ಆಕಿನ್ನ ಕಾಣದೇ ಆಕಿ ಮನಸು ಈ ಹುಡುಗಿಗೆ ಹೆಂಗ ತಿಳೀತೋ ನನಗಂತೂ ತಿಳಿದಿಲ್ಲ.

ಚಾಡಿ ಬ್ಯಾರೆ, ಕತಿ ಬ್ಯಾರೆ ಅಂತ ಸಿರುಗುಪ್ಪದವರಿಗೆ ಬಾಯಿಲೇ ಹೇಳಿದ್ರ ತಿಳಿಯಂಗಿಲ್ಲ. ಈ ಒಂದು ಕತಿ ಓದಿಸ್ರಿ. ಆ ಹುಡುಗನ ತಾಯಿನೂ ಒಬ್ಬರ ಸೋದರತ್ತಿನೇ ಅಲ್ಲೇನು.

ಹಂಗಂತ ಬರಿಯಾಕಿಗೆ ಕೈ ತುಂಬ ಸಲಿಗಿ ಕೊಡ್ರಿ ಅಂತಾನೂ ನಾನು ಹೇಳಂಗಿಲ್ಲ. ಇದ್ದ ಹೆಸರು, ಇದ್ದ ಓಣಿ, ಇದ್ದ ರೋಗ ಮೂರನ್ನೂ ಒಂದೇ ಕಡೆ ಇಡಬ್ಯಾಡ ಅಂತ ಆಕಿಗೆ ಹೇಳೀನಿ, ಆಕಿನೂ ಒಪ್ಪ್ಯಾಳ. ಮದುವಿ ಮುರದ ನಮ್ಮ ಬಳಗದ ಹುಡುಗಿ ವಿಷಯ ಆಕಿ ನೋಟ್‌ಬುಕ್ಕಿನಾಗ ಐತಿ, ಆ ಹುಡುಗಿ ಬ್ಯಾಡ ಅಂದ್ಲಂತ, ಅದನ್ನ ಇವತ್ತಿನ ತನಕ ಹೊರಗ ಬಿಟ್ಟಿಲ್ಲ. ಅಷ್ಟು ಜವಾಬ್ದಾರಿ ನಮ್ಮ ವಾಟ್ಸಾಪ್ ಗ್ರೂಪಿಗೆ ಐತೇನು ಅಂತ ನೀವೇ ಹೇಳ್ರಿ.

"ಬ್ಯಾರೆ ಹೆಸರಿಟ್ಟುಕೊಂಡು ಬರೀಲಿ, ಅವರಿಗೆ ಹೇಳೋದೇ ಬ್ಯಾಡ" ಅಂತ ನಮ್ಮ ನೆಗೆಣ್ಣಿ ಒಂದು ಉಪಾಯ ಹೇಳ್ಯಾಳ. ತ್ರಿವೇಣಿನೂ ಇಟ್ಟುಕೊಂಡ ಹೆಸರೇ, ಖರೇ ಹೆಸರು ಅನಸೂಯಾ. ಹೆಸರು ಇಟ್ಟುಕೊಳ್ಳೋದು ಬ್ಯಾರೆ, ಗಂಡನಿಗೆ ಹೇಳದೇ ಕದ್ದು ಬರಿಯೋದು ಬ್ಯಾರೆ. ನಾಕೂವರಿಗೆ ಎದ್ದು ಲೈಟ್ ಹಚ್ಚಿದ್ರ ಅತ್ತಿಗೆ ಏನಂತ ಹೇಳೋದು? ಸಾಲಿ ಪೇಪರ್ ತಿದ್ದಾಕತ್ತೀನಿ ಅಂತ ವರ್ಷಗಟ್ಟಲೆ ಸುಳ್ಳು ಹೇಳಿಕೋಂತ ಇರೋದೇನು? ಪತ್ರಿಕಿಯವರು ಕಳಿಸೋ ಗೌರವಧನ ಖರೇ ಹೆಸರಿನ ಬ್ಯಾಂಕ್ ಖಾತಿಗೇ ಬರ್ತೈತಿ, ಒಂದಿನ ಗೊತ್ತಾಗೇ ಆಗ್ತೈತಿ. ಆವಾಗಿನ ರಂಪಕ್ಕಿಂತ ಈಗಿನ ಒಂದು ನೇರ ಮಾತು ಹಗುರ.

ಆ ನೇರ ಮಾತು ಹಿಂಗಿರಲಿ ಅಂತ ನನ್ನ ಆಸಿ. ಹುಡುಗಿ ಬೆಳಗಿನ ಎರಡು ತಾಸು ಬರೀತಾಳ, ಮದುವಿ ಆದ್ಮ್ಯಾಲೂ ಬರೀತಾಳ. ಆ ಹೊತ್ತಿನಾಗ ಚಾ ಯಾರು ಮಾಡ್ತಾರ, ಹಾಲು ಯಾರು ಇಸಗೊಂತಾರ ಅನ್ನೋದನ್ನ ಈಗಲೇ ಮಾತಾಡಿಕೊಳ್ಳೋಣ. ಮಗು ಆದ್ಮ್ಯಾಲೆ ಒಂದಿಷ್ಟು ದಿನ ನಿಲ್ತೈತಿ, ಅದು ಆಕಿಗೂ ಗೊತ್ತು. ಒಂದು ಮೇಜು, ಬೀರುವಿನಾಗ ಕೀಲಿ ಇರೋ ಒಂದು ಖಾನೆ, ನೋಟ್‌ಬುಕ್ ಇಡೋಕ. ಬಂಗಾರ ಕೇಳಿದ್ರ ಕೊಡ್ತಿದ್ವಿ, ಅವರು ಕೇಳಿಲ್ಲ. ಹಂಗಾಗಿ ಮೇಜು ನಾವೇ ಮಾಡಿಸಿ ಕಳಿಸೋಣ, ಬಳ್ಳಾರಿಯಾಗ ಬಡಗೇರ ಹತ್ರ ನಾನು ಬೆಲಿ ಕೇಳಿ ಇಟ್ಟೀನಿ.

ಶುಕ್ರವಾರ ನಮ್ಮ ಅಣ್ಣ ಸಿರುಗುಪ್ಪಕ್ಕ ಫೋನ್ ಮಾಡ್ತಾನ. ಅಷ್ಟರಾಗ ನೀವು ಏನು ಹೇಳೋದಿದ್ರೂ ಅತ್ತಿಗಿಗೆ ಹೇಳ್ರಿ, ನನಗಲ್ಲ. ಆಕಿ ಇನ್ನಾ ಎರಡು ಮನಸ್ಸಿನಾಗ ಅದಾಳ.